ಹಳೆ ಮರದ ಕಿಟಕಿ ಕಿತ್ತು ಯುಪಿವಿಸಿ ಹಾಕಿಸಬೇಕಾ? ಒಂಬತ್ತು ಕಿಟಕಿಗಳ ಪ್ರಶ್ನೆ

ಹಳೆಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂವತ್ತೈದು ವರ್ಷದ ಮನೆ. ಒಟ್ಟು ಒಂಬತ್ತು ಕಿಟಕಿ, ಎಲ್ಲವೂ ಮರದ್ದು. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಮುಚ್ಚುವುದಿಲ್ಲ. ಬೇಸಿಗೆಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ. ಜೋರಾಗಿ ಗಾಳಿ ಬೀಸಿದರೆ ಗಾಜು ಗಡಗಡ ಅನ್ನುತ್ತದೆ. ರಸ್ತೆ ಕಡೆಯ ಕೋಣೆಯಲ್ಲಂತೂ ಗಾಡಿಗಳ ಸದ್ದಿಗೆ ನಿದ್ದೆಯೇ ಇಲ್ಲ. ಕಳೆದ ಮಳೆಗೆ ಅಡುಗೆಮನೆ ಕಿಟಕಿಯ ಕೆಳಗಿನ ಗೋಡೆ ಒದ್ದೆಯಾಗಿ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು.

ಒಂದೇ ಸಲಕ್ಕೆ ಒಂಬತ್ತನ್ನೂ ತೆಗೆಸಿ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ, ಹಾಕಿಸೋಣ ಅಂತ ನಾನೂ ನನ್ನ ತಮ್ಮನೂ ಅಂದುಕೊಂಡಿದ್ದೇವೆ. ಅಪ್ಪ ಒಪ್ಪುತ್ತಿಲ್ಲ. "ಮರ ಇನ್ನೂ ಗಟ್ಟಿ ಇದೆ, ಸುಮ್ನೆ ಯಾಕೆ ಕೀಳ್ತೀರಿ" ಅಂತಾರೆ. ನಮಗೆ ಗೊತ್ತಾಗಬೇಕಾದ್ದು ಇಷ್ಟು. ಹಳೆ ಚೌಕಟ್ಟು ಹಾಗೇ ಬಿಟ್ಟು ಅದರೊಳಗೆ ಹೊಸದನ್ನು ಕೂರಿಸಬಹುದಾ? ಗಾಜು ಒಂದು ಪದರ ಸಾಕಾ, ಎರಡು ಬೇಕಾ? ಬಿಸಿಲಿಗೆ ಹಳದಿ ಆಗುತ್ತೆ ಅಂತಾರೆ, ನಿಜವಾ? ಹಾಕಿಸಿದವರು, ಕೆಲಸ ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಸಗಾಳಿ

ಆರು ವರ್ಷದ ಹಿಂದೆ ನಾವು ಎಲ್ಲ ಕಿಟಕಿಗಳನ್ನೂ ಬದಲಾಯಿಸಿದೆವು. ಒಂದು ದಿನವೂ ಯಾಕಾದರೂ ಮಾಡಿಸಿದೆವೋ ಅನ್ನಿಸಿಲ್ಲ. ಧೂಳು ಕಮ್ಮಿ ಆಯಿತು. ಬಣ್ಣ ಹೊಡೆಸೋ ಖರ್ಚಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು. ಮೊದಲು ಎರಡು ಮೂರು ವರ್ಷಕ್ಕೊಮ್ಮೆ ಬಡಗಿ ಬಂದು ಕೀಸಬೇಕಿತ್ತು, ಆ ತಲೆನೋವೇ ಈಗ ಇಲ್ಲ. ನನ್ನ ಮಾತು ಕೇಳಿದರೆ ಎಲ್ಲವನ್ನೂ ಒಂದೇ ಸಲ ಮಾಡಿಸಿ. ಮನೆಯಲ್ಲಿ ಗಾರೆ ಧೂಳು ಎರಡೆರಡು ಸಲ ಯಾಕೆ ಬೇಕು?

ಗಾಜಿನಕೆಲಸ

ನಾನು ಹದಿನಾಲ್ಕು ವರ್ಷದಿಂದ ಕಿಟಕಿ ಕೂರಿಸುವ ಕೆಲಸದಲ್ಲೇ ಇದ್ದೇನೆ. ಯುಪಿವಿಸಿಯಿಂದಲೇ ನಮ್ಮ ಮನೆ ನಡೆಯುವುದು. ಆದರೂ ಹೇಳುತ್ತೇನೆ, ಒಂಬತ್ತನ್ನೂ ಕೀಳುವ ಮಾತು ಈಗಲೇ ಬೇಡ. ಮೊದಲು ಒಂದೊಂದು ಕಿಟಕಿಯನ್ನೂ ಬೇರೆಬೇರೆಯಾಗಿ ನೋಡಿ. ಒಂಬತ್ತಕ್ಕೂ ಒಂದೇ ರೋಗ ಇರುವುದಿಲ್ಲ.

ಸಣ್ಣ ಸ್ಕ್ರೂಡ್ರೈವರ್ ಒಂದು ತಗೊಳ್ಳಿ. ಬಾಗಿಲಿನ ಕೆಳಗಿನ ಅಡ್ಡಪಟ್ಟಿ, ಚೌಕಟ್ಟಿನ ಕೆಳಮೂಲೆ, ಗೋಡೆಗೆ ತಾಗಿದ ಜಾಗ, ಈ ಮೂರು ಕಡೆ ಒತ್ತಿ. ತುದಿ ಒಂದೆರಡು ಮಿ.ಮೀ. ಹೋಗಿ ನಿಂತರೆ ಮರ ಚೆನ್ನಾಗಿದೆ. ಸದ್ದಿಲ್ಲದೆ ಒಳಗೆ ಇಳಿದುಬಿಟ್ಟರೆ ಮರ ಲಡ್ಡಾಗಿದೆ, ಅಂದರೆ ಕೊಳೆತಿದೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗೆದ್ದಲು ತಿಂದ ಮರ ಮೇಲೆ ಬಣ್ಣ ಹೊಳೆಯುತ್ತಿದ್ದರೂ ಪೊಳ್ಳು ಸದ್ದು ಕೊಡುತ್ತದೆ.

ಇನ್ನೊಂದು ಪರೀಕ್ಷೆ ಕಾಗದದ್ದು. ಚೌಕಟ್ಟಿಗೂ ಬಾಗಿಲಿಗೂ ನಡುವೆ ಒಂದು ಚೂರು ಕಾಗದ ಇಟ್ಟು ಚಿಲಕ ಹಾಕಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸರಾಗವಾಗಿ ಕೈಗೆ ಬಂದರೆ ಗಾಳಿ, ಸದ್ದು, ನೀರು ಎಲ್ಲವೂ ಅಲ್ಲಿಂದಲೇ. ಕಿಟಕಿಯ ನಾಲ್ಕೂ ಬದಿ ಹೀಗೆ ನೋಡಿ ಬರೆದಿಡಿ.

ಅಡುಗೆಮನೆ ಗೋಡೆಯ ವಿಷಯ ಬೇರೆ ಇರಬಹುದು. ಮೇಲಿನ ಸಜ್ಜಾ ಗೋಡೆಗೆ ಸೇರುವ ಕಡೆ ಬಿರುಕಿದೆಯಾ ನೋಡಿ. ಕೆಳಗಿನ ಕಟ್ಟೆ ಹೊರಗೆ ಇಳಿಜಾರಾಗಿದೆಯಾ, ಒಳಗೆ ವಾಲಿದೆಯಾ ಅದನ್ನೂ ನೋಡಿ. ಹೊಸ ಕಿಟಕಿ ಹಾಕಿಸಿದ ಮೇಲೂ ಗೋಡೆ ಒದ್ದೆ ಅಂತ ನಮಗೆ ಫೋನ್ ಮಾಡುತ್ತಾರೆ, ಹೋಗಿ ನೋಡಿದರೆ ನೀರು ಬರುತ್ತಿರುವುದು ಸಜ್ಜಾದಿಂದ. ಕಿಟಕಿ ಏನು ಮಾಡುತ್ತೆ ಪಾಪ.

ರಸಾಯನ

ಹಳದಿ ಆಗುವ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪಿವಿಸಿಯನ್ನು ಮೆತ್ತಗೆ ಮಾಡಲು ಸೇರಿಸುವ ವಸ್ತುವಿಗೆ ಪ್ಲಾಸ್ಟಿಸೈಸರ್ ಅನ್ನುತ್ತಾರೆ. ವೈರಿನ ಹೊದಿಕೆ, ನೆಲಕ್ಕೆ ಹಾಸುವ ಶೀಟು ಎಲ್ಲ ಅಂಥ ಮೆತ್ತಗಿನ ಪಿವಿಸಿ. ಅದನ್ನು ಸೇರಿಸದೆ ಗಟ್ಟಿಯಾಗಿಯೇ ಬಿಟ್ಟದ್ದು ಯುಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ, ಸುಮಾರು 57 ಶೇಕಡಾ, ಉಪ್ಪಿನಿಂದ ಬರುವ ಕ್ಲೋರಿನ್. ಅದಕ್ಕೇ ಇದಕ್ಕೆ ಬೇಗ ಬೆಂಕಿ ಹತ್ತುವುದಿಲ್ಲ, ಬೆಂಕಿಯಿಂದ ದೂರ ತಂದರೆ ತಾನಾಗಿ ಆರುತ್ತದೆ. ಆದರೆ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಇರುತ್ತದೆ. ಕತ್ತರಿಸಿ ಉಳಿದ ತುಂಡುಗಳನ್ನು ದಯವಿಟ್ಟು ಯಾರೂ ಒಲೆಗೋ ಕಸದ ಬೆಂಕಿಗೋ ಹಾಕಬೇಡಿ.

1872ರಲ್ಲಿ ಜರ್ಮನಿಯ ಓಯ್ಗೆನ್ ಬೌಮನ್ ಎಂಬ ರಸಾಯನ ವಿಜ್ಞಾನಿ ವಿನೈಲ್ ಕ್ಲೋರೈಡ್ ತುಂಬಿದ ಗಾಜಿನ ಬುರುಡೆಯನ್ನು ಬಿಸಿಲಿಗೆ ಇಟ್ಟಿದ್ದ. ಒಳಗೆ ಬಿಳಿ ಗಟ್ಟಿ ಪದಾರ್ಥ ಕೂತಿತ್ತು. ಅದೇ ಪಿವಿಸಿ. ಬಿಸಿಲಲ್ಲಿ ಹುಟ್ಟಿದ ಈ ವಸ್ತುವನ್ನು ಹಾಳು ಮಾಡುವುದೂ ಬಿಸಿಲೇ. ಅತಿನೇರಳೆ ಕಿರಣ ಬಿದ್ದರೆ ಒಳಗಿನ ಕೊಂಡಿಗಳು ಒಡೆದು ಬಣ್ಣ ತಿರುಗುತ್ತದೆ. ಅದನ್ನು ತಡೆಯಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಸೇರಿಸುತ್ತಾರೆ. ಅದು ಸಾಕಷ್ಟು ಇದ್ದರೆ ವರ್ಷಗಟ್ಟಲೆ ಬಿಳಿ ಉಳಿಯುತ್ತದೆ. ಅಲ್ಲಿ ಜಿಪುಣತನ ಮಾಡಿದ ಮಾಲು ಬೇಗ ಹಳದಿ ತಿರುಗಿ ಪೆಡಸಾಗುತ್ತದೆ. ಹಾಗಾಗಿ ಹಳದಿ ಆಗುತ್ತಾ ಅಂದರೆ, ಕೆಟ್ಟ ಮಾಲು ಆಗುತ್ತೆ, ಒಳ್ಳೆಯದು ಅಷ್ಟು ಬೇಗ ಆಗಲ್ಲ.

ಸ್ಟೆಬಿಲೈಸರ್, ಅಂದರೆ ಪಿವಿಸಿ ಬಿಸಿಗೆ ಕೆಡದ ಹಾಗೆ ಸೇರಿಸುವ ವಸ್ತು, ಯಾವುದು ಅಂತಲೂ ಕೇಳಿ. ಮೊದಲು ಸೀಸ ಹಾಕುತ್ತಿದ್ದರು. ಈಗ ಒಳ್ಳೆ ತಯಾರಕರು ಕ್ಯಾಲ್ಸಿಯಂ ಮತ್ತು ಸತುವಿನ ಮಿಶ್ರಣ ಬಳಸುತ್ತಾರೆ. ಯುರೋಪಿನ ಒಕ್ಕೂಟದ ದೇಶಗಳಲ್ಲಿ 2015ರ ಕೊನೆಗೆ ಸೀಸವನ್ನು ಕೈಬಿಟ್ಟರು.

ಮಳೆಹನಿ

ನಮ್ಮ ಮನೆಯಲ್ಲಿ ಆದದ್ದು ಬೇರೆಯವರಿಗೆ ಆಗದಿರಲಿ ಅಂತ ಬರೆಯುತ್ತಿದ್ದೇನೆ. ನಾವು ಒಳ್ಳೆ ಪ್ರೊಫೈಲನ್ನೇ (ಚೌಕಟ್ಟು, ಬಾಗಿಲು ಮಾಡುವ ಯುಪಿವಿಸಿ ಪಟ್ಟಿ) ಆರಿಸಿದ್ದೆವು. ಗಾಜೂ ಒಳ್ಳೆಯದೇ. ಕೂರಿಸಲು ಬಂದವರು ಎರಡು ದಿನದ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿ ಹೋದರು. ನೋಡಲು ಚೆಂದ ಇತ್ತು. ಮೊದಲ ದೊಡ್ಡ ಮಳೆಗೆ ಮಲಗುವ ಕೋಣೆಯ ಜಾರುಕಿಟಕಿಯ ಕೆಳಗಿನ ಹಳಿ ಟ್ರೇಯ ಹಾಗೆ ನೀರು ತುಂಬಿಕೊಂಡು, ಅಂಚು ದಾಟಿ, ಹಾಸಿಗೆ ಮೇಲೆ ಇಳಿಯಿತು. ರಾತ್ರಿ ಎರಡು ಗಂಟೆ. ನಾನೂ ನಮ್ಮ ಅತ್ತೆಯೂ ಟವೆಲ್ ಹಿಂಡಿ ಹಿಂಡಿ ಬಕೆಟ್ ತುಂಬಿಸಿದೆವು.

ಬೆಳಿಗ್ಗೆ ಹೊರಗಿನಿಂದ ಏಣಿ ಹಾಕಿ ನೋಡಿದೆ. ಚೌಕಟ್ಟಿನ ಕೆಳಗೆ ಹೊರಮುಖಕ್ಕೆ ಬೆರಳಗಲದ ಸಣ್ಣ ಸೀಳುಗಳಿರುತ್ತವೆ, ಒಳಗೆ ಬಂದ ನೀರು ಅದರಿಂದ ಹೊರಗೆ ಹೋಗಬೇಕು. ನಮ್ಮ ಕಿಟಕಿಯಲ್ಲಿ ಆ ಸೀಳುಗಳ ಮೇಲೆಯೇ ಸಂದಿ ಮುಚ್ಚುವ ಸಿಲಿಕಾನ್ ಅಂಟು ಎಳೆದಿದ್ದರು. ನೀಟಾಗಿ, ಗೆರೆ ಹೊಡೆದ ಹಾಗೆ. ಪಿನ್ ಹಾಕಿ ಕಿತ್ತೆ. ಎರಡನೆಯ ಸೀಳು ಬಿಡಿಸಿದ ಕೂಡಲೇ ತಡೆದಿಟ್ಟ ನೀರು ಚಿಲ್ಲನೆ ನನ್ನ ಮೊಣಕೈ ಮೇಲೆ ಹಾರಿತು. ಅಳು ಬಂದುಬಿಟ್ಟಿತು ನಿಜವಾಗಲೂ. ಇಷ್ಟು ಸಣ್ಣ ವಿಷಯ ಅಲ್ವಾ?

ಇನ್ನೊಂದು ಕಿಟಕಿಯಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ ಫೋಮ್ ಜಾಸ್ತಿ ತುಂಬಿದ್ದರು. ಅದು ಉಬ್ಬಿ ಚೌಕಟ್ಟಿನ ನಡುಭಾಗ ಒಳಗೆ ಬಾಗಿ, ಬಾಗಿಲು ಮಧ್ಯದಲ್ಲಿ ಉಜ್ಜುತ್ತದೆ. ಅದನ್ನು ಕಿತ್ತು ಮತ್ತೆ ಕೂರಿಸಿದ್ದಾಯಿತು. ಯಾವ ಕಂಪನಿಯ ಮಾಲು ಅಂತ ವಿಚಾರಿಸುವಷ್ಟೇ ಯಾರು ಕೂರಿಸುತ್ತಾರೆ ಅಂತಲೂ ವಿಚಾರಿಸಿ, ಅವರು ಹಿಂದೆ ಕೂರಿಸಿದ ಒಂದು ಮನೆಗೆ ಮಳೆ ಬರುವಾಗ ಹೋಗಿ ನೋಡಿ.

ಗಾಜಿನಕೆಲಸ

ಮಳೆಹನಿ ಅಕ್ಕಾ, ನೀವು ಹೇಳಿದ್ದು ನಮ್ಮ ಕೆಲಸದವರಿಗೆ ನಾಚಿಕೆ ತರುವ ವಿಷಯ. ಆದರೆ ನಿಜ. ನಾನು ನೋಡಿದ ದೂರುಗಳಲ್ಲಿ ಮಾಲಿನದ್ದು ಕಮ್ಮಿ, ಕೂರಿಸಿದ್ದರದ್ದೇ ಜಾಸ್ತಿ.

ಯುಪಿವಿಸಿ ಬಿಸಿಗೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಏರಿದರೆ ಸುಮಾರು 0.07ರಿಂದ 0.08 ಮಿ.ಮೀ. ಏನಿಲ್ಲ ಅನ್ನಿಸಬಹುದು. ಒಂದೂವರೆ ಮೀಟರ್ ಚೌಕಟ್ಟು ನಡು ಮಧ್ಯಾಹ್ನ 40 ಡಿಗ್ರಿ ಹೆಚ್ಚು ಬಿಸಿಯಾದರೆ ನಾಲ್ಕು ಮಿ.ಮೀ.ಗಿಂತ ಜಾಸ್ತಿ ಉದ್ದ ಆಗುತ್ತದೆ. ಗೋಡೆಗೆ ಅಂಟಿಸಿ ಗಾರೆ ಮೆತ್ತಿಬಿಟ್ಟರೆ ಅದು ಹೋಗುವುದೆಲ್ಲಿಗೆ? ಬಾಗುತ್ತದೆ. ಅದಕ್ಕೇ ಪ್ರತಿ ಬದಿಯಲ್ಲೂ ಕನಿಷ್ಠ 5 ಮಿ.ಮೀ. ಜಾಗ ಬಿಡಬೇಕು. ಗಾಢ ಬಣ್ಣದ ಪ್ರೊಫೈಲ್ ಆದರೆ ಬಿಸಿಲಲ್ಲಿ ಇನ್ನೂ ಹೆಚ್ಚು ಕಾಯುತ್ತದೆ, ಜಾಗವೂ ಜಾಸ್ತಿ ಬೇಕು.

ಅಳತೆ ತೆಗೆಯುವಾಗ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಎತ್ತರವೂ ಹಾಗೆಯೇ. ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿದು, ಅದರಲ್ಲಿ ಎರಡು ಬದಿಯ ಜಾಗ ಕಳೆಯಬೇಕು. ಹಳೆ ಮನೆಯ ಗೋಡೆ ಎಂದೂ ಸರಿ ಚೌಕ ಇರುವುದಿಲ್ಲ, ಮೂಲೆಯಿಂದ ಮೂಲೆಗೆ ಅಡ್ಡಲಾಗಿಯೂ ಅಳೆದು ನೋಡಬೇಕು. ಒಂದೇ ಕಡೆ ಟೇಪ್ ಹಿಡಿದು ಬರೆದುಕೊಂಡು ಹೋಗುವವರನ್ನು ನಿಲ್ಲಿಸಿ ಕೇಳಿ.

ತಿರುಪುಗಳು ಮೂಲೆಯಿಂದ ಸುಮಾರು 150 ಮಿ.ಮೀ. ದೂರದಲ್ಲಿ ಶುರುವಾಗಿ, ಮಧ್ಯೆ 600 ಮಿ.ಮೀ.ಗಿಂತ ಜಾಸ್ತಿ ಅಂತರ ಇಲ್ಲದ ಹಾಗೆ ಬರಬೇಕು. ಬರೀ ಫೋಮಿನ ಮೇಲೆ ಕಿಟಕಿ ನಿಲ್ಲಿಸುವವರೂ ಇದ್ದಾರೆ, ಒಪ್ಪಬೇಡಿ. ಫೋಮ್ ಇರುವುದು ಸಂದಿ ತುಂಬಲಿಕ್ಕೆ, ಭಾರ ಹೊರಲಿಕ್ಕಲ್ಲ. ಅದರ ಮೇಲೆ ಬಿಸಿಲು ಬಿದ್ದರೆ ಪುಡಿಯಾಗುತ್ತದೆ, ಹಾಗಾಗಿ ಹೊರಗಿನಿಂದ ಸಿಲಿಕಾನ್ ಬೇಕೇ ಬೇಕು. ನೀರು ಹೋಗುವ ಸೀಳು ಬಿಟ್ಟು!

ಒಳಗೆ ಉಕ್ಕಿನ ಪಟ್ಟಿ ಇದೆಯಾ ಅಂತ ತಿಳಿಯಲು ಒಂದು ಬಲವಾದ ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಳ್ಳಿ. ಪ್ರೊಫೈಲಿನ ಉದ್ದಕ್ಕೂ ಹಿಡಿದರೆ ಉಕ್ಕು ಇರುವ ಕಡೆ ಎಳೆಯುತ್ತದೆ. ದೊಡ್ಡ ಕಿಟಕಿಯಲ್ಲಿ ಉಕ್ಕು ಹಾಕದೆ ಉಳಿಸಿದರೆ ಗಾಳಿಗೆ ನಡುಪಟ್ಟಿ ಬಳುಕುತ್ತದೆ. ಪ್ರೊಫೈಲಿನ ಹೊರಮೈಯ ದಪ್ಪವನ್ನೂ ಕತ್ತರಿಸಿದ ತುಂಡಿನಲ್ಲಿ ಅಳೆಯಿರಿ. ಯುರೋಪಿನ ಮಾನದಂಡದಲ್ಲಿ ಎ ದರ್ಜೆಗೆ ಕಾಣುವ ಮೈ ಕನಿಷ್ಠ 2.8 ಮಿ.ಮೀ., ಬಿ ದರ್ಜೆಗೆ ಕನಿಷ್ಠ 2.5 ಮಿ.ಮೀ.

ಹಳೆಮನೆ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಭಾನುವಾರ ಪೂರ್ತಿ ಅಪ್ಪನೂ ನಾನೂ ಸ್ಕ್ರೂಡ್ರೈವರ್ ಹಿಡಿದು ಒಂಬತ್ತು ಕಿಟಕಿಗಳನ್ನೂ ನೋಡಿದೆವು. ಫಲಿತಾಂಶ ನಾನು ಅಂದುಕೊಂಡ ಹಾಗೆ ಇರಲಿಲ್ಲ.

ಅಡುಗೆಮನೆ ಮತ್ತು ಬಚ್ಚಲುಮನೆಯ ಕಿಟಕಿಗಳ ಕೆಳಪಟ್ಟಿ ಪೂರ್ತಿ ಹೋಗಿದೆ. ಬಚ್ಚಲಲ್ಲಿ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು, ಹೊರಗೆ ಎಳೆದಾಗ ಒದ್ದೆ ಕಂದು ಪುಡಿ ಅಂಟಿಕೊಂಡು ಬಂತು. ಹಿಂದಿನ ಕೋಣೆಯದಕ್ಕೆ ಗೆದ್ದಲು. ಚೌಕಟ್ಟಿನ ಒಂದು ಕಾಲು ಬಣ್ಣದ ಸಿಪ್ಪೆಯಷ್ಟೇ ಉಳಿದಿದೆ. ಆದರೆ ಉಳಿದ ಆರೂ ಗಟ್ಟಿ. ತುದಿ ಇಳಿಯುವುದೇ ಇಲ್ಲ. ಕಾಗದ ಮಾತ್ರ ಎಲ್ಲ ಕಡೆ ಸರಾಗವಾಗಿ ಬಂತು. ಅಪ್ಪ ಏನೂ ಮಾತಾಡಲಿಲ್ಲ, ಆದರೆ ಅವರ ಮುಖ ನೋಡಬೇಕಿತ್ತು.

ಸಜ್ಜಾದಲ್ಲಿ ಬಿರುಕು ಇದೆ, ಗೋಡೆಗೆ ಸೇರುವ ಕಡೆ ಪೂರ್ತಿ ಉದ್ದಕ್ಕೆ. ಗಾಜಿನಕೆಲಸ ಅವರು ನೋಡದೆಯೇ ಹೇಳಿಬಿಟ್ಟಿದ್ದರು.

ಈಗ ಆ ಆರು ಕಿಟಕಿಗಳ ಸಂದಿಗೆ ಏನು ಮಾಡೋದು? ರಸ್ತೆ ಸದ್ದಿಗೆ ಏನು ಮಾಡೋದು?

ಉಳಿಸುತ್ತಿಗೆ

ನಮ್ಮದು ಮೂರು ತಲೆಮಾರಿನ ಮರಗೆಲಸ. ಗಟ್ಟಿ ಇರುವ ಮರವನ್ನು ಕೀಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮೂವತ್ತೈದು ವರ್ಷ ಒಣಗಿ ಹದ ಆದ ಮರ ಅದು. ಅಷ್ಟು ಹದವಾದ ಮರ ಇವತ್ತು ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ.

ಮೊದಲು, ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತು ಅಂತ ಆಗಲೇ ಕೀಸಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಉಬ್ಬಿದ ಮರವನ್ನು ಕೀಸಿದರೆ ಬೇಸಿಗೆಯಲ್ಲಿ ಅಷ್ಟೇ ಸಂದಿ ಬೀಳುತ್ತದೆ. ಪ್ರತಿ ಮಳೆಗಾಲ ಒಂದೊಂದು ಪದರ ತೆಗೆದು ತೆಗೆದು ಕೊನೆಗೆ ಬೆರಳು ತೂರುವಷ್ಟು ಜಾಗ ಆಗುತ್ತದೆ. ನಿಮ್ಮ ಮನೆಯಲ್ಲೂ ಅದೇ ಆಗಿರುತ್ತದೆ, ಅದಕ್ಕೇ ಕಾಗದ ಸರಾಗ ಬರುತ್ತಿದೆ.

ಮರ ಉಬ್ಬುವುದು ನೀರು ಕುಡಿದರೆ. ನೀರು ಕುಡಿಯುವುದು ಬಣ್ಣ ಇಲ್ಲದ ಕಡೆ. ನಿಮ್ಮ ಕಿಟಕಿ ಬಾಗಿಲಿನ ತೀರಾ ಕೆಳಗಿನ ಅಂಚಿಗೆ, ಕಣ್ಣಿಗೆ ಕಾಣದ ಅಡಿಭಾಗಕ್ಕೆ, ಒಮ್ಮೆ ಬೆರಳು ಸವರಿ. ಒರಟು ಒರಟಾಗಿ ಹಸಿ ಮರ ಸಿಗುತ್ತದೆ. ಬಣ್ಣ ಹೊಡೆಯುವವರು ಬಾಗಿಲು ಕಳಚುವುದಿಲ್ಲ, ಅಡಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿಂದಲೇ ಎಲ್ಲ ಶುರು. ಒಣ ಹವೆಯಲ್ಲಿ ಬಾಗಿಲುಗಳನ್ನು ಬಿಜಾಗರಿಯಿಂದ ಕಳಚಿ, ಆರು ಮುಖಕ್ಕೂ ಪ್ರೈಮರ್, ಆಮೇಲೆ ಎರಡು ಕೈ ಬಣ್ಣ. ಅಡಿಯಲ್ಲಿ ಅಂಚಿನಿಂದ ಸ್ವಲ್ಪ ಒಳಗೆ ಉದ್ದಕ್ಕೂ ಒಂದು ಗೀರು ಹೊಡೆಸಿ, ಇಳಿದು ಬಂದ ನೀರು ಆ ಗೀರಿನಲ್ಲಿ ತುಂಡಾಗಿ ಹೊರಗೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.

ಸಂದಿಗೆ, ಚೌಕಟ್ಟಿನಲ್ಲಿ ಬಾಗಿಲು ಬಂದು ಕೂರುವ ತಗ್ಗಿನಲ್ಲಿ, ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಕೂರಿಸಬಹುದು. ಇಪಿಡಿಎಂ ಅನ್ನುವ, ಬಿಸಿಲು ಮಳೆ ತಡೆಯುವ ರಬ್ಬರ್ ತಗೊಳ್ಳಿ, ಅಗ್ಗದ ಸ್ಪಂಜ್ ಪಟ್ಟಿ ಹೆಚ್ಚು ದಿನ ಬಾಳಲ್ಲ. ಜೋತುಬಿದ್ದ ಬಾಗಿಲಿನ ತಿರುಪಿನ ತೂತಿಗೆ ಗಟ್ಟಿ ಮರದ ಕಡ್ಡಿ ಅಂಟು ಹಚ್ಚಿ ಹೊಡೆದು, ಮೇಲೆ ಮತ್ತೆ ತಿರುಪು ಹಾಕಿದರೆ ಹೊಸದರ ಹಾಗೆ ಹಿಡಿಯುತ್ತದೆ. ಗಾಜು ಗಡಗಡ ಅನ್ನುವುದು ಪುಟ್ಟಿ ಉದುರಿದ್ದಕ್ಕೆ. ಅಗಸೆ ಎಣ್ಣೆ ಪುಟ್ಟಿ ಮತ್ತೆ ಹಾಕಿಸಿ.

ಒಂದು ಎಚ್ಚರ. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣಗಿದ್ದಾಗ ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು ಇದ್ದರೆ ಆ ದಿನ ಅವರನ್ನು ಬೇರೆ ಕಡೆ ಕಳಿಸಿ.

ಹೊಸಗಾಳಿ

ಉಳಿಸುತ್ತಿಗೆ ಅವರೇ, ನೀವು ಹೇಳಿದ್ದು ಸರಿ. ಆದರೆ ಇದನ್ನೆಲ್ಲ ಇಷ್ಟು ಮನಸ್ಸಿಟ್ಟು ಮಾಡುವ ಬಡಗಿ ಎಲ್ಲಿ ಸಿಗುತ್ತಾರೆ? ನಾವು ಎರಡು ತಿಂಗಳು ಹುಡುಕಿ ಸುಸ್ತಾಗಿಯೇ ಬದಲಾಯಿಸಿದ್ದು. ನಮ್ಮ ಮನೆಯಲ್ಲಿ ವಯಸ್ಸಾದವರೇ ಇರುವುದು. ಐದು ವರ್ಷಕ್ಕೊಮ್ಮೆ ಬಾಗಿಲು ಕಳಚಿ ಬಣ್ಣ ಹೊಡೆಸೋದು ಎಲ್ಲರ ಕೈಯಲ್ಲೂ ಆಗುವ ಕೆಲಸ ಅಲ್ಲ.

ಉಳಿಸುತ್ತಿಗೆ

ಅದು ಒಪ್ಪುವ ಮಾತು. ನೋಡಿಕೊಳ್ಳಲು ಆಗದವರಿಗೆ ಮರ ಬೇಡ ಅಂತ ನಾನೇ ಹೇಳುತ್ತೇನೆ. ಬಚ್ಚಲುಮನೆಗೂ ಬೇಡ. ಹಳೆಮನೆ ಅವರ ತಂದೆ ಸ್ಕ್ರೂಡ್ರೈವರ್ ಹಿಡಿದು ದಿನವಿಡೀ ನಿಂತರು ಅಂತ ಓದಿದೆನಲ್ಲ, ಅದಕ್ಕೇ ಇಷ್ಟು ಬರೆದೆ.

ಮೌನಪ್ರಿಯ

ರಸ್ತೆ ಸದ್ದಿನ ಬಗ್ಗೆ. ನಾನು ಇದಕ್ಕೆ ಎರಡು ಸಲ ದುಡ್ಡು ಸುರಿದವನು. ಮೊದಲನೇ ಸಲ ಎರಡು ಪದರ ಗಾಜು ಹಾಕಿದರೆ ಸದ್ದು ನಿಲ್ಲುತ್ತೆ ಅಂತ ನಂಬಿ, 5 ಮಿ.ಮೀ. ಗಾಜು, 12 ಮಿ.ಮೀ. ಖಾಲಿ ಜಾಗ, ಮತ್ತೆ 5 ಮಿ.ಮೀ. ಗಾಜು ಹಾಕಿಸಿದೆ. ಲಾರಿಯ ಗುಡುಗು ಹಾಗೇ ಇತ್ತು. ಆಮೇಲೆ ಗೊತ್ತಾಯಿತು, ಎರಡೂ ಗಾಜು ಒಂದೇ ದಪ್ಪ ಇದ್ದರೆ ಎರಡೂ ಒಂದೇ ಸ್ವರಕ್ಕೆ ಕಂಪಿಸುತ್ತವೆ, ಆ ಸ್ವರ ಸುಲಭವಾಗಿ ಒಳಗೆ ಬರುತ್ತದೆ. ದಪ್ಪ ಬೇರೆಬೇರೆ ಇರಬೇಕು. ಒಂದು ಗಾಜು ಲ್ಯಾಮಿನೇಟೆಡ್, ಅಂದರೆ ಎರಡು ಹಾಳೆ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು, ಆದರೆ ಇನ್ನೂ ಒಳ್ಳೆಯದು, ನಡುವಿನ ಪದರ ಕಂಪನವನ್ನು ನುಂಗುತ್ತದೆ.

ನೀವು ಮಾತ್ರ ಆ ಗಟ್ಟಿ ಮರದ ಕಿಟಕಿ ತೆಗೆಯಲೇಬೇಡಿ. ಅದನ್ನು ಬಿಗಿ ಮಾಡಿಸಿ, ಗೋಡೆಯ ಒಳಬದಿಗೆ ಇನ್ನೊಂದು ಯುಪಿವಿಸಿ ಕಿಟಕಿ ಹಾಕಿಸಿ. ಎರಡರ ನಡುವೆ ಕನಿಷ್ಠ 100 ಮಿ.ಮೀ. ಅಂತರ ಇರಲಿ. ಸದ್ದಿನ ಮಟ್ಟಿಗೆ 12 ಮಿ.ಮೀ. ಅಂತರದ ಜೋಡಿ ಗಾಜಿಗಿಂತ ಇದು ಎಷ್ಟೋ ಮೇಲು. ಎರಡನೇ ಸಲ ನಾನು ಮಾಡಿದ್ದು ಇದೇ. ಹಳೆ ಮನೆಯ ಗೋಡೆ ದಪ್ಪ ಇರುತ್ತಲ್ಲ, ಜಾಗ ಸಿಗುತ್ತದೆ. ಒಳಗಿನದ್ದು ಜಾರುಕಿಟಕಿ ಬೇಡ, ತೆರೆಯುವ ಬಾಗಿಲಿನದ್ದೇ ಇರಲಿ. ಜಾರುಕಿಟಕಿಯ ಅಂಚಿಗೆ ಇರುವುದು ಬ್ರಷ್ ಪಟ್ಟಿ, ಅದು ರಬ್ಬರಿನ ಹಾಗೆ ಒತ್ತಿ ಮುಚ್ಚುವುದಿಲ್ಲ.

ಗಾಳಿಬೆಳಕು

ಮನೆಗಳ ನಕ್ಷೆ ಮಾಡುವವಳು ನಾನು. ಯಾರೂ ಹೇಳದ ಒಂದು ವಿಷಯ ಇದೆ, ಪ್ರಾಣದ ಪ್ರಶ್ನೆ, ಅದನ್ನು ಮೊದಲು ಹೇಳುತ್ತೇನೆ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ? ಹಳೆ ಮರದ ಕಿಟಕಿಯ ಸಂದಿಯಿಂದ ಇಷ್ಟು ವರ್ಷ ಗಾಳಿ ಆಡುತ್ತಿತ್ತು. ಹೊಸ ಕಿಟಕಿ ಬಿಗಿಯಾಗಿ ಮುಚ್ಚುತ್ತದೆ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರುವುದೇ ಇಲ್ಲ. ಗೀಸರನ್ನು ಕೋಣೆಯ ಹೊರಗೆ ಹಾಕಿಸಿ. ಕಿಟಕಿಯಲ್ಲಿ ಎಂದೂ ಮುಚ್ಚಲಾಗದ ಗಾಳಿಕಿಂಡಿಯನ್ನೂ ಇಡಿಸಿ. ಇದನ್ನು ಮುಂದೆ ನೋಡೋಣ ಅನ್ನಬೇಡಿ.

ಎರಡನೆಯದು, ಶಾಖ. ಯುಪಿವಿಸಿ ಹಾಕಿದರೆ ಮನೆ ತಂಪಾಗುತ್ತೆ ಅಂತ ಹೇಳಿ ಮಾರುತ್ತಾರೆ. ಚೌಕಟ್ಟಿನ ಲೆಕ್ಕದಲ್ಲಿ ಮರ ಏನೂ ಕಮ್ಮಿ ಇಲ್ಲ. ಶಾಖ ದಾಟಿಸುವ ಗುಣ ಪಿವಿಸಿಗೆ ಸುಮಾರು 0.17, ಮೆದು ಮರಕ್ಕೆ 0.13, ಗಟ್ಟಿ ಮರಕ್ಕೆ 0.18. ಅಲ್ಯೂಮಿನಿಯಂಗೆ 160. ಮರವೂ ಪಿವಿಸಿಯೂ ಅಕ್ಕಪಕ್ಕ ಕೂರುವವು. ವ್ಯತ್ಯಾಸ ಮಾಡುವುದು ಗಾಜು. ಒಂದು ಪದರ ಗಾಜಿನ ಯು-ವ್ಯಾಲ್ಯೂ (ಎಷ್ಟು ಶಾಖ ದಾಟುತ್ತದೆ ಅನ್ನುವ ಅಳತೆ) 5.7 ಸುಮಾರು, ಸಾದಾ ಎರಡು ಪದರದ್ದು 2.8 ಸುಮಾರು. ಕಡಿಮೆ ಇದ್ದಷ್ಟೂ ಶಾಖ ಕಮ್ಮಿ ದಾಟುತ್ತದೆ. ಆದರೆ ಬಿಸಿಲು ನೇರ ಗಾಜಿನ ಮೇಲೆ ಬೀಳುತ್ತಿದ್ದರೆ ಸಾದಾ ಎರಡು ಪದರವೂ ಹೆಚ್ಚು ತಡೆಯಲ್ಲ. ಹೊರಗೆ ನೆರಳು ಮಾಡುವುದೇ ಅದಕ್ಕೆ ದಾರಿ. ಏಸಿಯಾಗಲಿ ಹೀಟರಾಗಲಿ ಇಲ್ಲದೆ ಕಿಟಕಿ ತೆರೆದೇ ಇಡುವ ಮನೆಗೆ ಎರಡು ಪದರ ಗಾಜು ಯಾಕೆ ಅಂತ ಒಮ್ಮೆ ಯೋಚಿಸಿ. ಅದರ ಅಂಚಿನ ಸೀಲು ಹೋದರೆ ಗಾಜಿನ ನಡುವೆ ಮಂಜು ಕಟ್ಟುತ್ತದೆ, ಆಗ ಒರೆಸಲು ಕೈ ಹೋಗುವುದಿಲ್ಲ, ಗಾಜೇ ಬದಲಾಯಿಸಬೇಕು.

ಮೂರನೆಯದು ಜಾರುಕಿಟಕಿ. ಎರಡು ಬಾಗಿಲಿನದಾದರೆ ಅದು ಯಾವಾಗಲೂ ಅರ್ಧವೇ ತೆರೆಯುವುದು. ನಿಮ್ಮ ಹಳೆ ಕಿಟಕಿ ಪೂರ್ತಿ ತೆರೆಯುತ್ತಿತ್ತು ಅಲ್ವಾ?

ಗಾಜಿನಕೆಲಸ

ಹಳೆ ಚೌಕಟ್ಟಿನೊಳಗೆ ಹೊಸದು ಕೂರಿಸುವ ಪ್ರಶ್ನೆ ಉಳಿದಿತ್ತು. ಆಗುತ್ತದೆ. ಗೋಡೆ ಒಡೆಯೋದು ತಪ್ಪುತ್ತದೆ, ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಬೆಳಕು ಹೋಗುತ್ತದೆ. ಈಚೆಗೆ ನಾನೇ ಅಳೆದ ಒಂದು ಕಿಟಕಿಯಲ್ಲಿ ಮೊದಲು ಗಾಜಿನ ಒಟ್ಟು ಜಾಗ 790 ಮಿ.ಮೀ. ಅಗಲ, 920 ಎತ್ತರ ಇತ್ತು. ಹಳೆ ಮರದೊಳಗೆ ಹೊಸ ಚೌಕಟ್ಟು, ಅದರೊಳಗೆ ಬಾಗಿಲಿನ ಪಟ್ಟಿ, ನಡುವಿನ ಕಂಬ ಎಲ್ಲ ಬಂದ ಮೇಲೆ 690ಕ್ಕೆ 820 ಉಳಿಯಿತು. ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಗಾಜು ಹೋಯಿತು. ಮನೆಯವರು ಮಧ್ಯಾಹ್ನವೇ ಲೈಟ್ ಹಾಕುವ ಹಾಗಾಯಿತು ಅಂದರು.

ನಿಮ್ಮ ಮೂರು ಕಿಟಕಿಯಲ್ಲಿ ಆ ದಾರಿ ಇಲ್ಲವೇ ಇಲ್ಲ. ಲಡ್ಡಾದ ಮರ, ಗೆದ್ದಲು ಇರುವ ಮರ ಒಳಗೆ ಬಿಟ್ಟು ಮೇಲೆ ಯುಪಿವಿಸಿ ಮುಚ್ಚಿದರೆ ತಿರುಪು ಹಿಡಿಯುವುದಿಲ್ಲ, ಗೆದ್ದಲು ಪಕ್ಕದ ಬಾಗಿಲಿಗೆ ಹೋಗುತ್ತದೆ. ಪೂರ್ತಿ ಕೀಳಿಸಿ. ಗೆದ್ದಲಿಗೆ ಮದ್ದು ಹೊಡೆಸಿದ ಮೇಲೆಯೇ ಗೋಡೆ ಸರಿ ಮಾಡಿಸಿ.

ಕೀಳುವ ಮೊದಲು ಸರಳುಗಳ ಬಗ್ಗೆ ಯೋಚಿಸಿ. ಹಳೆ ಕಿಟಕಿಯಲ್ಲಿ ಕಬ್ಬಿಣದ ಸರಳು ಮರದ ಚೌಕಟ್ಟಿಗೇ ಹೊಡೆದಿರುತ್ತದೆ. ಚೌಕಟ್ಟು ಹೋದರೆ ಅದೂ ಹೋಯಿತು. ಗ್ರಿಲ್ ಬೇರೆ ಮಾಡಿಸಿ ಗೋಡೆಗೇ ಕೂರಿಸಬೇಕು, ಯುಪಿವಿಸಿ ಚೌಕಟ್ಟಿಗೆ ಹೊಡೆಯಬಾರದು. ಗ್ರಿಲ್ ಒಳಗೆ ಬಂದರೆ ಬಾಗಿಲು ಹೊರಗೆ ತೆರೆಯಬೇಕು, ಹೊರಗೆ ಬಂದರೆ ಒಳಗೆ. ಸೊಳ್ಳೆ ಪರದೆ ಯಾವ ಬದಿಗೆ ಅಂತಲೂ ಆಗಲೇ ತೀರ್ಮಾನಿಸಿ. ಆರ್ಡರ್ ಕೊಟ್ಟ ಮೇಲೆ ಬದಲಿಸಲು ಆಗುವುದಿಲ್ಲ, ಯಾಕಂದರೆ ಮೂಲೆಗಳನ್ನು ಸುಮಾರು 240, 250 ಡಿಗ್ರಿಯಲ್ಲಿ ಕರಗಿಸಿ ಬೆಸೆದು ಬಿಟ್ಟಿರುತ್ತಾರೆ.

ಕೂರಿಸಿ ಆದ ಮೇಲೆ ಮೇಲಿನ ರಕ್ಷಣೆ ಹಾಳೆಯನ್ನು ಬೇಗ ತೆಗೆಯಿರಿ. ಚೆಂದ ಇರಲಿ ಅಂತ ತಿಂಗಳುಗಟ್ಟಲೆ ಬಿಟ್ಟರೆ ಬಿಸಿಲಿಗೆ ಅಂಟು ಕಚ್ಚಿಕೊಂಡು, ಉಗುರಲ್ಲಿ ಕೆರೆದರೂ ಬರುವುದಿಲ್ಲ. ತಿನ್ನರ್ ಹಾಕಿ ಒರೆಸಬೇಡಿ, ಮೈ ಮಂಕಾಗುತ್ತದೆ.

ಹಳೆಮನೆ

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು.

ಅಡುಗೆಮನೆ, ಬಚ್ಚಲು, ಹಿಂದಿನ ಕೋಣೆ, ಈ ಮೂರಕ್ಕೆ ಹೊಸ ಯುಪಿವಿಸಿ. ಪೂರ್ತಿ ಕಿತ್ತು, ಗಾರೆ ಮಾಡಿಸಿ, ಮೂರು ಕಡೆ ಅಳತೆ ತೆಗೆಸಿ. ರಸ್ತೆ ಕೋಣೆಯಲ್ಲಿ ಹಳೆ ಕಿಟಕಿಯ ಒಳಗೆ 110 ಮಿ.ಮೀ. ಬಿಟ್ಟು ಇನ್ನೊಂದು ಕಿಟಕಿ, ಲ್ಯಾಮಿನೇಟೆಡ್ ಗಾಜು. ಆ ಹಳೆ ಕಿಟಕಿ ಸೇರಿ ಆರನ್ನೂ ಬಡಗಿಯಿಂದ ರಿಪೇರಿ ಮಾಡಿಸಿದೆವು. ಬಡಗಿ ಸಿಗಲು ಮೂರು ವಾರ ಹಿಡಿಯಿತು, ಹೊಸಗಾಳಿ ಅವರು ಹೇಳಿದ್ದು ಸುಳ್ಳಲ್ಲ. ಬಾಗಿಲುಗಳನ್ನು ಕಳಚಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಾಗ ಅಡಿಭಾಗ ನೋಡಿದೆ. ಹನ್ನೆರಡು ಬಾಗಿಲಿನಲ್ಲಿ ಒಂದಕ್ಕೂ ಅಡಿಗೆ ಬಣ್ಣ ತಾಗಿರಲಿಲ್ಲ. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ! ಅಪ್ಪ ತಾವೇ ಕೂತು ಆ ಹನ್ನೆರಡಕ್ಕೂ ಪ್ರೈಮರ್ ಹಚ್ಚಿದರು.

ಗೀಸರ್ ಹೊರಗೆ ಹೋಯಿತು. ಗಾಳಿಬೆಳಕು ಅವರೇ, ಆ ಮಾತಿಗೆ ನಿಮಗೆ ಎಷ್ಟು ಹೇಳಿದರೂ ಸಾಲದು. ನಮ್ಮ ಬಚ್ಚಲಲ್ಲಿ ಇದ್ದದ್ದು ಗ್ಯಾಸ್ ಗೀಸರೇ. ಯಾರೂ ನಮಗೆ ಹೇಳಿರಲಿಲ್ಲ.

ರಸ್ತೆ ಸದ್ದು ಪೂರ್ತಿ ನಿಂತಿಲ್ಲ. ದೊಡ್ಡ ಲಾರಿ ಹೋದರೆ ಗೊತ್ತಾಗುತ್ತದೆ. ಆದರೆ ಹಾರ್ನ್, ಬೈಕು, ಜನರ ಮಾತು ಇವೆಲ್ಲ ದೂರ ಹೋದ ಹಾಗಾಗಿದೆ. ಅಮ್ಮ ಈಗ ಆ ಕೋಣೆಯಲ್ಲೇ ಮಲಗುತ್ತಾರೆ.

ಸಜ್ಜಾದ ಬಿರುಕು ಮುಚ್ಚಿಸಿದ ಮೇಲೆ ನಿನ್ನೆ ಮೊದಲ ದೊಡ್ಡ ಮಳೆ. ಮಳೆಹನಿ ಅಕ್ಕ ಬರೆದದ್ದು ನೆನಪಾಗಿ, ಕೊಡೆ ಹಿಡಿದು ಟಾರ್ಚ್ ಹಾಕಿಕೊಂಡು ಅಡುಗೆಮನೆ ಕಿಟಕಿಯ ಹೊರಗೆ ನಿಂತೆ. ಕೆಳಗಿನ ಎರಡೂ ಸೀಳಿನಿಂದ ನೀರು ತೆಳ್ಳಗೆ ದಾರದ ಹಾಗೆ ಹೊರಗೆ ಇಳಿಯುತ್ತಿತ್ತು. ಒಳಗೆ ಬಂದು ಗೋಡೆ ಮುಟ್ಟಿದೆ. ಒಣಗಿತ್ತು.

ಒಂದೇ ಒಂದು ಅನುಮಾನ. ಹಿಂದಿನ ಕೋಣೆಯ ಕಿಟಕಿಯಲ್ಲಿ ಗಾಜಿನ ಸುತ್ತಲಿನ ಕಪ್ಪು ರಬ್ಬರ್ ಒಂದು ಮೂಲೆಯಲ್ಲಿ ಹಿಂದೆ ಸರಿದು ಸುಮಾರು 4 ಮಿ.ಮೀ. ಸಂದಿ ಬಿಟ್ಟಿದೆ. ಹಾಕಿದಾಗ ಸರಿ ಇತ್ತು. ಇದು ಹೆದರುವ ವಿಷಯವಾ?

ಗಾಜಿನಕೆಲಸ

ಹೆದರಬೇಡಿ. ಕೂರಿಸುವಾಗ ರಬ್ಬರನ್ನು ಎಳೆದು ಎಳೆದು ಒತ್ತಿದ್ದಾರೆ, ಈಗ ಅದು ತನ್ನ ಅಳತೆಗೆ ಕುಗ್ಗಿದೆ. ಬದಿಯ ಮಧ್ಯದಿಂದ ಮೂಲೆ ಕಡೆಗೆ ಬೆರಳಲ್ಲಿ ಮೆಲ್ಲಗೆ ದೂಡುತ್ತಾ ಬನ್ನಿ, ಕೆಲವೊಮ್ಮೆ ಹಾಗೇ ಸೇರಿಕೊಳ್ಳುತ್ತದೆ. ಸೇರದಿದ್ದರೆ ಆ ಬದಿಯ ಪೂರ್ತಿ ಪಟ್ಟಿ ಹೊಸದು ಹಾಕಿಸಿ, ಈ ಸಲ ಎಳೆಯದೆ ಸಡಿಲವಾಗಿ ಒತ್ತುತ್ತಾ ಹೋಗಲಿ, ಅಳತೆಗಿಂತ ಸ್ವಲ್ಪ ಉದ್ದವೇ ಕತ್ತರಿಸಲಿ. ಸಂದಿಗೆ ಸಿಲಿಕಾನ್ ತುಂಬುತ್ತೇವೆ ಅಂದರೆ ಬೇಡ ಅನ್ನಿ. ಕೊನೆಯ ಕಂತು ಇನ್ನೂ ಕೊಟ್ಟಿಲ್ಲ ಅಂದರೆ ಇದನ್ನು ಸರಿ ಮಾಡಿಸಿಕೊಂಡೇ ಕೊಡಿ.

ಹಳೆಮನೆ

ದೂಡಿ ನೋಡಿದೆ, ಅರ್ಧ ಸೇರಿತು. ಕೊನೆಯ ಕಂತು ನಮ್ಮ ಕೈಯಲ್ಲೇ ಇದೆ. ನಾಳೆ ಬೆಳಿಗ್ಗೆ ಅವರಿಗೆ ಫೋನ್ ಮಾಡುತ್ತೇನೆ.